ಕೋಟಾ ಇಳಿಸಿದರೂ ಮೀನು ಯಾಕೆ ಹೆಚ್ಚುತ್ತಿಲ್ಲ? ಒಂದು ದೋಷ ನಿವಾರಣೆ ಕೈಪಿಡಿ

ದೋಷ ಏನು

ಒಂದು ಜಾತಿಯ ಮೀನನ್ನು ವರ್ಷಗಟ್ಟಲೆ ಮಿತಿಮೀರಿ ಹಿಡಿದರು. ಸಂತತಿ, ಅಂದರೆ ಆ ಭಾಗದ ಸಮುದ್ರದಲ್ಲಿರುವ ಆ ಜಾತಿಯ ಒಟ್ಟು ಮೀನು, ಕುಸಿಯಿತು. ಆಮೇಲೆ ಎಚ್ಚೆತ್ತುಕೊಂಡು ಕೋಟಾ (ವರ್ಷಕ್ಕೆ ಇಷ್ಟೇ ಹಿಡಿಯಬಹುದು ಎನ್ನುವ ಮಿತಿ) ಇಳಿಸಿದರು, ಕೆಲವು ಕಡೆ ಬಲೆ ಹಾಕುವುದನ್ನೇ ನಿಲ್ಲಿಸಿದರು. ಲೆಕ್ಕದ ಪ್ರಕಾರ ಕೆಲವೇ ವರ್ಷದಲ್ಲಿ ಮೀನು ಹೆಚ್ಚಬೇಕಿತ್ತು. ಹೆಚ್ಚಲಿಲ್ಲ. ಈ ಕೈಪಿಡಿ ಅಂಥ ಸಂದರ್ಭಕ್ಕೆ.

ಇಲ್ಲಿ ಎರಡು ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತವೆ. ಯಾರೋ ಕದ್ದು ಹಿಡಿಯುತ್ತಿದ್ದಾರೆ ಎನ್ನುವುದು ಒಂದು. ಹವಾಮಾನ ಬದಲಾಗಿದೆ, ನಮ್ಮ ಕೈಯಲ್ಲಿ ಏನೂ ಇಲ್ಲ ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇರುವುದೇ ಜಾಸ್ತಿ. ಆದರೆ ಯಾವುದು ಎಷ್ಟು ಎಂದು ಗೊತ್ತಾಗದೆ ಪರಿಹಾರಕ್ಕೆ ಕೈ ಹಾಕಿದರೆ ಇನ್ನೊಂದು ಹತ್ತು ವರ್ಷ ಹಾಳು. ಹಾಗಾಗಿ ಕೆಳಗಿನ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಹವಾಮಾನದ ಸರದಿ ಬೇಕೆಂದೇ ತಡವಾಗಿ ಬರುತ್ತದೆ. ಅದನ್ನು ಮೊದಲೇ ಒಪ್ಪಿಕೊಂಡರೆ ಉಳಿದದ್ದನ್ನು ಯಾರೂ ಹುಡುಕುವುದಿಲ್ಲ.

ಸರಿಯಾಗಿ ನಡೆದರೆ ಹೇಗಿರುತ್ತದೆ

ಉತ್ತರ ಸಮುದ್ರದ ಹೆರಿಂಗ್ ಮೀನು 1970ರ ದಶಕದಲ್ಲಿ ನೆಲಕಚ್ಚಿತ್ತು. 1977ರಲ್ಲಿ ಮೀನುಗಾರಿಕೆ ಮುಚ್ಚಿದರು. 1980ರ ದಶಕದ ಆರಂಭಕ್ಕೆ ಮತ್ತೆ ತೆರೆಯುವಷ್ಟು ಮೀನು ಬಂತು. ಇದು ಸರಾಗವಾದ ಚೇತರಿಕೆ. ಒತ್ತಡವನ್ನು ಬೇಗ ಮತ್ತು ಗಟ್ಟಿಯಾಗಿ ಇಳಿಸಿದ ಕಡೆಗಳಲ್ಲಿ ಹತ್ತು ವರ್ಷದೊಳಗೆ ಫಲ ಕಾಣುವುದು ಅಪರೂಪವೇನಲ್ಲ. ಅಮೆರಿಕದ ಮೀನುಗಾರಿಕೆ ಕಾನೂನಿಗೆ 1996ರಲ್ಲಿ ಬಂದ ತಿದ್ದುಪಡಿಯೂ ಹತ್ತು ವರ್ಷದ ಗಡುವನ್ನೇ ಹಾಕುತ್ತದೆ. ಆ ಜಾತಿಯ ಸ್ವಭಾವ, ಪರಿಸರ ಅಥವಾ ಅಂತರರಾಷ್ಟ್ರೀಯ ಒಪ್ಪಂದ ಅಡ್ಡ ಬಂದರೆ ಮಾತ್ರ ವಿನಾಯಿತಿ.

ಕೆಟ್ಟ ಉದಾಹರಣೆ ಎಂದರೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದ ಕಾಡ್ ಮೀನು. 1992ರ ಜುಲೈ 2ರಂದು ಮೀನುಗಾರಿಕೆ ಸಚಿವ ಜಾನ್ ಕ್ರಾಸ್ಬಿ ನಿಷೇಧ ಘೋಷಿಸಿದಾಗ ಎರಡು ವರ್ಷ ಸಾಕು ಎಂದುಕೊಂಡಿದ್ದರು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ನಿಷೇಧ ತೆಗೆದದ್ದು 2024ರಲ್ಲಿ. ಆಗಲೂ ಮೀನು ಹಳೆಯ ಮಟ್ಟದ ಹತ್ತಿರ ಎಲ್ಲೂ ಇರಲಿಲ್ಲ.

ನಿಮ್ಮ ಮುಂದಿರುವ ಮೀನು ಈ ಎರಡರ ನಡುವೆ ಎಲ್ಲೋ ಇರುತ್ತದೆ.

ಪರೀಕ್ಷೆ 1: ಮೊದಲು ಬಲೆಯನ್ನೇ ಅನುಮಾನಿಸಿ

ಕೋಟಾ ಇಳಿದಿದೆ ಎಂದ ಮಾತ್ರಕ್ಕೆ ಒತ್ತಡ ಇಳಿದಿದೆ ಎಂದಲ್ಲ. ಟನ್ ಲೆಕ್ಕ ಬಿಡಿ, ಪಾಲು ನೋಡಿ. ಸಮುದ್ರದಲ್ಲಿ 1 ಲಕ್ಷ ಟನ್ ಮೀನಿತ್ತು, ವರ್ಷಕ್ಕೆ 20,000 ಟನ್ ಹಿಡಿಯುತ್ತಿದ್ದರು ಎಂದುಕೊಳ್ಳಿ. ಅದು ಐದರಲ್ಲಿ ಒಂದು ಪಾಲು. ಈಗ ಮೀನು 50,000 ಟನ್ನಿಗೆ ಇಳಿದಿದೆ, ಕೋಟಾ 15,000 ಟನ್ ಮಾಡಿದ್ದಾರೆ. ಕಾಗದದ ಮೇಲೆ ಕಾಲು ಭಾಗ ಕಡಿತ. ನಿಜದಲ್ಲಿ ಹತ್ತು ಮೀನಿಗೆ ಎರಡು ಸಾಯುತ್ತಿದ್ದದ್ದು ಈಗ ಮೂರು ಸಾಯುತ್ತಿವೆ. ಮೀನು ಇಳಿಯುವ ವೇಗ ಕೋಟಾ ಇಳಿಯುವ ವೇಗಕ್ಕಿಂತ ಜಾಸ್ತಿ ಇದ್ದಾಗಲೆಲ್ಲ ಹೀಗೇ ಆಗುತ್ತದೆ.

ಅಮೆರಿಕದ ಗಲ್ಫ್ ಆಫ್ ಮೇನ್‌ನಲ್ಲಿ ಆದದ್ದು ಹೆಚ್ಚು ಕಡಿಮೆ ಇದೇ. ಅಲ್ಲಿನ ಮೀನುಗಾರರು ಕಾಡ್ ಮೀನಿನ ಕೋಟಾ ಮೀರಲಿಲ್ಲ. ಆದರೂ ಸಂತತಿ ಕುಸಿಯುತ್ತಲೇ ಹೋಯಿತು. ಆಂಡ್ರ್ಯೂ ಪರ್ಶಿಂಗ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2004ರಿಂದ 2013ರ ನಡುವೆ ಆ ಕೊಲ್ಲಿ ಜಗತ್ತಿನ ಶೇ. 99ರಷ್ಟು ಸಮುದ್ರಕ್ಕಿಂತ ವೇಗವಾಗಿ ಬಿಸಿಯಾಯಿತು. ಬಿಸಿ ನೀರಿನಲ್ಲಿ ಮರಿಗಳು ಕಡಿಮೆಯಾದವು, ಬದುಕುಳಿಯುವ ಮೀನೂ ಕಡಿಮೆಯಾಯಿತು. ಕೋಟಾ ಲೆಕ್ಕ ಹಾಕುವ ಮಾದರಿಗೆ ಮಾತ್ರ ಇದು ಗೊತ್ತಿರಲಿಲ್ಲ. ಅದು ಹಳೆಯ ಸಮುದ್ರವನ್ನೇ ಲೆಕ್ಕಕ್ಕೆ ಹಿಡಿದಿತ್ತು. ಹಾಗಾಗಿ ಪ್ರತಿ ಸಲವೂ ಇರುವುದಕ್ಕಿಂತ ಜಾಸ್ತಿ ಮೀನು ಇದೆ ಎಂದು ಹೇಳಿ, ಜಾಸ್ತಿ ಹಿಡಿಯಲು ಬಿಟ್ಟಿತು. ಕೊನೆಗೆ ಮೊಟ್ಟೆಯಿಡುವ ಮೀನು ಇರಬೇಕಾದ ಮಟ್ಟದ ಶೇ. 3ರಿಂದ 4ಕ್ಕೆ ಬಂದು ನಿಂತಿತು.

ಇದನ್ನು ಗಮನವಿಟ್ಟು ನೋಡಿ. ಇಲ್ಲಿ ಕಳ್ಳತನ ಇಲ್ಲ, ನಿಯಮ ಮುರಿದವರೂ ಇಲ್ಲ. ಆದರೂ ಅತಿಯಾದ ಮೀನುಗಾರಿಕೆ ನಡೆಯಿತು. ಹವಾಮಾನವೂ ಬಲೆಯೂ ಬೇರೆ ಬೇರೆ ಕಾರಣಗಳಾಗಿ ಕೆಲಸ ಮಾಡಲಿಲ್ಲ. ಒಂದು ಇನ್ನೊಂದರ ಲೆಕ್ಕವನ್ನೇ ತಪ್ಪಿಸಿತು.

ಈ ಪರೀಕ್ಷೆಯಲ್ಲಿ ಇನ್ನೂ ಎರಡು ನೋಡಬೇಕು. ಬೇರೆ ಮೀನಿಗೆ ಹಾಕಿದ ಬಲೆಗೆ ಈ ಮೀನು ಬಿದ್ದು ಸತ್ತರೆ ಅದು ಯಾರ ಲೆಕ್ಕಕ್ಕೆ ಬರುತ್ತದೆ? ಕಡಲಲ್ಲೇ ಎಸೆದ ಮೀನು ದಾಖಲೆಗೆ ಬರುವುದು ಕಷ್ಟ. ಹವ್ಯಾಸಕ್ಕೆ ಗಾಳ ಹಾಕುವವರು ಹಿಡಿದದ್ದೂ ಕೆಲವು ಜಾತಿಗಳಲ್ಲಿ ದೊಡ್ಡ ಮೊತ್ತವೇ.

ಎರಡನೆಯದು ವಯಸ್ಸು. ಮೀನಿನ ಕಿವಿಯೊಳಗೆ ಓಟೊಲಿತ್ ಎನ್ನುವ ಪುಟ್ಟ ಕಲ್ಲಿರುತ್ತದೆ. ಮರದ ಕಾಂಡದಲ್ಲಿ ಇರುವಂತೆ ಅದರಲ್ಲೂ ವರ್ಷಕ್ಕೊಂದು ಉಂಗುರ. ಸಮೀಕ್ಷೆಯ ಮೀನುಗಳ ವಯಸ್ಸನ್ನು ಹೀಗೆ ಎಣಿಸಿ ಸಾಲಾಗಿ ಇಡಿ. ಬಲೆ ನಿಂತು ಎಂಟು ವರ್ಷವಾಗಿದ್ದರೆ ಎಂಟು ವರ್ಷದ ಮೀನು ಕಾಣಲೇಬೇಕು. ನಾಲ್ಕು ದಾಟಿದ್ದೇ ಸಿಗುತ್ತಿಲ್ಲ ಎಂದರೆ ಯಾವುದೋ ಒಂದು ಅವುಗಳನ್ನು ಕೊಲ್ಲುತ್ತಿದೆ. ಅದು ಬಲೆಯೋ ಬೇರೆಯೋ ಎಂದು ನಾಲ್ಕನೆಯ ಪರೀಕ್ಷೆಯಲ್ಲಿ ತಿಳಿಯುತ್ತದೆ.

ಪರೀಕ್ಷೆ 2: ಕಾದದ್ದು ಸಾಕೇ?

ಇದು ಐದು ನಿಮಿಷದ ಕೆಲಸ. ಆ ಮೀನು ಎಷ್ಟನೆಯ ವಯಸ್ಸಿಗೆ ಮೊದಲ ಮೊಟ್ಟೆ ಇಡುತ್ತದೆ ನೋಡಿ. ಸಾರ್ಡೀನ್ ಜಾತಿಯವು ಒಂದೆರಡು ವರ್ಷಕ್ಕೆಲ್ಲ ಇಡುತ್ತವೆ. ಆಳ ಸಮುದ್ರದ ಆರೆಂಜ್ ರಫಿ ನೂರು ವರ್ಷ ದಾಟಿ ಬದುಕುವ ಮೀನು, ಪ್ರಾಯಕ್ಕೆ ಬರಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕು. ಅದಕ್ಕೆ ಹತ್ತು ವರ್ಷದ ಗಡುವು ಹಾಕಿ ಆಗಲಿಲ್ಲ ಎಂದು ಕೂಗಾಡುವುದರಲ್ಲಿ ಅರ್ಥವಿಲ್ಲ. ಮೂರು ತಲೆಮಾರಿನಷ್ಟು ಸಮಯ ಕಳೆದಿಲ್ಲ ಎಂದರೆ ಸುಮ್ನೆ ಕಾಯಿರಿ. ಕಳೆದಿದ್ದರೆ ಮುಂದೆ ಹೋಗಿ.

ಪರೀಕ್ಷೆ 3: ಮರಿ ಬರುತ್ತಿದೆಯೇ?

ನಿಜವಾದ ಪತ್ತೇದಾರಿ ಕೆಲಸ ಇಲ್ಲಿಂದ ಶುರು. ಹೆಚ್ಚು ಸಮಯ ಇದಕ್ಕೇ ಕೊಡಿ. ಹವಾಮಾನದ ಏಟು ಮೊದಲು ಬೀಳುವುದೇ ಮೊಟ್ಟೆ ಮತ್ತು ಮರಿಗಳ ಮೇಲೆ.

ಮರಿಗಳ ಸಂಖ್ಯೆಯನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ತಾಯಿ ಮೀನು ಕಡಿಮೆ ಇದ್ದರೆ ಮರಿಯೂ ಕಡಿಮೆ, ಅದರಲ್ಲಿ ಹವಾಮಾನದ ಪಾತ್ರವೇನೂ ಇಲ್ಲ. ಒಂದು ಟನ್ ತಾಯಿ ಮೀನಿಗೆ ಎಷ್ಟು ಮರಿ ಉಳಿದವು ಎಂದು ವರ್ಷವಾರು ಗೆರೆ ಎಳೆಯಿರಿ. ಗೆರೆ ಮಟ್ಟವಾಗಿದ್ದರೆ ತಾಯಂದಿರು ಸಾಲದು ಅಷ್ಟೇ. ಒಂದನೆಯ ಪರೀಕ್ಷೆಗೆ ವಾಪಸ್ ಹೋಗಿ. ಗೆರೆ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಿದ್ದರೆ, ಅದರಲ್ಲೂ ತಾಯಿ ಮೀನು ಹೆಚ್ಚಿದ ಮೇಲೂ ಇಳಿಯುತ್ತಿದ್ದರೆ, ಸಮುದ್ರವೇ ಬದಲಾಗಿದೆ ಎಂದು ಅನುಮಾನಿಸಲು ಗಟ್ಟಿ ಕಾರಣ ಸಿಕ್ಕಿತು.

ಯಾಕೆ ಇಳಿಯುತ್ತದೆ? ಒಂದು ಕಾರಣ ಊಟದ ಸಮಯ ತಪ್ಪುವುದು. ಮೊಟ್ಟೆಯಿಂದ ಹೊರಬಂದ ಮರಿಗೆ ತನ್ನದೇ ಹಳದಿ ಚೀಲದ ಬುತ್ತಿ ಕೆಲವು ದಿನಕ್ಕೆ ಮಾತ್ರ ಸಾಕಾಗುತ್ತದೆ. ಅಷ್ಟರೊಳಗೆ ನೀರಿನಲ್ಲಿ ಪ್ಲ್ಯಾಂಕ್ಟನ್, ಅಂದರೆ ತೇಲುವ ಪುಟ್ಟ ಪುಟ್ಟ ಜೀವಿಗಳು, ಸಿಗಬೇಕು. ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲೇ ಈ ಸೂಕ್ಷ್ಮ ಘಳಿಗೆಯ ಬಗ್ಗೆ ಬರೆದಿದ್ದರು. ಆಮೇಲೆ ಬ್ರಿಟನ್ನಿನ ಡೇವಿಡ್ ಕುಶಿಂಗ್ ಅದನ್ನು ಬೆಳೆಸಿದರು. ನೀರು ಬೇಗ ಬೆಚ್ಚಗಾದರೆ ಪ್ಲ್ಯಾಂಕ್ಟನ್ ಮುಂಚೆಯೇ ಬಂದು ಹೋಗಿರುತ್ತದೆ. ಮೀನೂ ಮೊಟ್ಟೆ ಇಡುವ ಕಾಲವನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳುತ್ತದೆ. ಆದರೆ ಎರಡೂ ಒಂದೇ ಅಳತೆಯಲ್ಲಿ ಜರುಗುವುದಿಲ್ಲ.

ಕೆಲವು ಕಡೆ ಸಮಯದ ಜೊತೆಗೆ ಊಟವೇ ಬದಲಾಗಿದೆ. ಉತ್ತರ ಸಮುದ್ರದ ಕಾಡ್ ಮರಿಗಳು ಕ್ಯಾಲನಸ್ ಫಿನ್‌ಮಾರ್ಕಿಕಸ್ ಎನ್ನುವ ತಣ್ಣೀರಿನ ಪುಟ್ಟ ಜೀವಿಯನ್ನು ನಂಬಿದ್ದವು. ಅದು ವಸಂತದಲ್ಲಿ ಹೇರಳ. ನೀರು ಬಿಸಿಯಾದಂತೆ ಅದು ಉತ್ತರಕ್ಕೆ ಸರಿಯಿತು. ಅದರ ಜಾಗಕ್ಕೆ ಬಂದ ಕ್ಯಾಲನಸ್ ಹೆಲ್ಗೊಲ್ಯಾಂಡಿಕಸ್ ಹೇರಳವಾಗುವುದು ವರ್ಷದ ಕೊನೆಯ ಭಾಗದಲ್ಲಿ. ಹಸಿದ ಮರಿಗೆ ಅದರಿಂದ ಏನು ಉಪಯೋಗ?

ಇನ್ನೊಂದು ಕಾರಣವನ್ನು ಜನ ಮರೆಯುತ್ತಾರೆ. ಬಿಸಿಯಾದಾಗ ಮರಿ ತಿನ್ನುವವರೂ ಬೇಗ ಏಳುತ್ತಾರೆ. ಅಮೆರಿಕದ ಈಶಾನ್ಯ ತೀರದಲ್ಲಿ ವಿಂಟರ್ ಫ್ಲೌಂಡರ್ ಎನ್ನುವ ಚಪ್ಪಟೆ ಮೀನು ಚಳಿಗಾಲದಲ್ಲೇ ಮೊಟ್ಟೆ ಇಡುತ್ತದೆ. ಆಗ ಶತ್ರುಗಳು ಚಳಿಗೆ ಮಂಕಾಗಿರುತ್ತವೆ ಎನ್ನುವುದು ಅದರ ಲೆಕ್ಕಾಚಾರ. ಚಳಿಗಾಲ ಬೆಚ್ಚಗಾದಾಗ ಮರಳಿನ ಸಿಗಡಿಗಳು ಎಚ್ಚರವಾಗಿಯೇ ಇದ್ದು ಮರಿಗಳನ್ನು ತಿನ್ನುತ್ತವೆ. ಈ ಮೀನಿನ ಮೇಲೆ ಬಲೆಯ ಒತ್ತಡ ತುಂಬ ಇಳಿದ ಮೇಲೂ ದಕ್ಷಿಣದ ಕಡೆಯ ಸಂತತಿ ತಲೆ ಎತ್ತಿಲ್ಲ.

ಈಗ ಬಲೆ ಮತ್ತೆ ಬರುತ್ತದೆ. ಅತಿಯಾದ ಮೀನುಗಾರಿಕೆ ಸಂಖ್ಯೆಯ ಜೊತೆ ದೊಡ್ಡ, ಹಳೆಯ ತಾಯಂದಿರನ್ನೂ ಮೊದಲು ತೆಗೆದುಹಾಕುತ್ತದೆ. ಡಿಯೆಗೊ ಬಾರ್ನೆಚೆ ಮತ್ತು ಜೊತೆಗಾರರು 2018ರಲ್ಲಿ ತೋರಿಸಿದ ಲೆಕ್ಕ ಇದು: 30 ಕೆ.ಜಿ. ತೂಗುವ ಒಂದು ಕಾಡ್ ಇಡುವಷ್ಟು ಮೊಟ್ಟೆ ಇಡಲು 2 ಕೆ.ಜಿ.ಯ 28 ಮೀನು ಬೇಕು. ಅವುಗಳ ಒಟ್ಟು ತೂಕ 56 ಕೆ.ಜಿ. ಅಂದರೆ ಟನ್ ಲೆಕ್ಕದಲ್ಲಿ ಸಂತತಿ ಅರ್ಧ ಮರಳಿದೆ ಎಂದು ಕಂಡರೂ ಮೊಟ್ಟೆಯ ಲೆಕ್ಕದಲ್ಲಿ ಅರ್ಧ ಮರಳಿರುವುದಿಲ್ಲ.

ಜೊತೆಗೆ ಬೇರೆ ಬೇರೆ ವಯಸ್ಸಿನ ತಾಯಂದಿರು ಮೊಟ್ಟೆ ಇಡುವ ದಿನಗಳೂ ಬೇರೆ ಬೇರೆ. ಹಲವು ಜಾತಿಗಳಲ್ಲಿ ಹಳೆಯವು ಮುಂಚೆ ಶುರು ಮಾಡಿ ತಡವಾಗಿ ಮುಗಿಸುತ್ತವೆ. ಎಲ್ಲ ವಯಸ್ಸಿನವೂ ಇದ್ದರೆ ಪ್ಲ್ಯಾಂಕ್ಟನ್ ಹತ್ತು ದಿನ ಮುಂಚೆ ಬಂದರೂ ಯಾವುದೋ ಒಂದಿಷ್ಟು ಮರಿಗೆ ಊಟ ಸಿಗುತ್ತದೆ. ಬರೀ ಮೊದಲ ಸಲದ ತಾಯಂದಿರೇ ಉಳಿದಿದ್ದರೆ ಎಲ್ಲ ಮೊಟ್ಟೆಯೂ ಕೆಲವೇ ವಾರದಲ್ಲಿ ಬೀಳುತ್ತದೆ. ಆ ವಾರ ಕೈಕೊಟ್ಟರೆ ವರ್ಷವೇ ಹೋಯಿತು. ಮಿತಿಮೀರಿ ಹಿಡಿದ ಸಂತತಿ ಹವಾಮಾನದ ಏರಿಳಿತಕ್ಕೆ ಹೆಚ್ಚು ತೂಗಾಡುವುದಕ್ಕೆ ಇದೂ ಒಂದು ಕಾರಣ.

ಹೀಗಾಗಿ ಈ ಪರೀಕ್ಷೆಯಲ್ಲಿ ಗೆರೆ ಇಳಿಯುತ್ತಿದ್ದರೆ ಹವಾಮಾನ ಎಂದು ಬರೆದು ಫೈಲು ಮುಚ್ಚಬೇಡಿ. ತಾಯಂದಿರ ಸರಾಸರಿ ವಯಸ್ಸನ್ನೂ ಪಕ್ಕದಲ್ಲಿ ಇಡಿ. ಅದೂ ಇಳಿದಿದ್ದರೆ ದೋಷದ ಒಂದು ಭಾಗ ಹಳೆಯ ಬಲೆಯದ್ದೇ.

ಪರೀಕ್ಷೆ 4: ಬಂದ ಮರಿ ಬೆಳೆಯುತ್ತಿದೆಯೇ, ಬೆಳೆದದ್ದು ಬದುಕುತ್ತಿದೆಯೇ?

ಒಂದೇ ವಯಸ್ಸಿನ ಮೀನಿನ ತೂಕವನ್ನು ಹಳೆಯ ದಾಖಲೆಯ ಜೊತೆ ಹೋಲಿಸಿ. ಐದು ವರ್ಷದ ಮೀನು ಮೊದಲಿಗಿಂತ ಹಗುರವಾಗಿದ್ದರೆ ಊಟ ಸಾಲುತ್ತಿಲ್ಲ, ಇಲ್ಲವೇ ಖರ್ಚು ಹೆಚ್ಚಾಗಿದೆ. ಹೆಚ್ಚಿನ ಮೀನುಗಳ ಮೈ ನೀರಿನಷ್ಟೇ ಬೆಚ್ಚಗೆ. ನೀರು ಬಿಸಿಯಾದಷ್ಟೂ ಸುಮ್ನೆ ಬದುಕಿರುವುದಕ್ಕೇ ಹೆಚ್ಚು ಆಹಾರ, ಹೆಚ್ಚು ಆಮ್ಲಜನಕ ಬೇಕು. ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. 1960ರ ನಂತರದ ಐವತ್ತು ವರ್ಷದಲ್ಲಿ ಜಗತ್ತಿನ ಸಮುದ್ರಗಳು ಒಟ್ಟು ಆಮ್ಲಜನಕದ ಸುಮಾರು ಶೇ. 2ರಷ್ಟನ್ನು ಕಳೆದುಕೊಂಡಿವೆ. ಕೇಳಲು ಸಣ್ಣದು. ಆದರೆ ಈ ನಷ್ಟ ಎಲ್ಲ ಕಡೆ ಒಂದೇ ಸಮ ಇಲ್ಲ.

ಖರ್ಚು ಜಾಸ್ತಿ, ಸಂಪಾದನೆ ಕಡಿಮೆ ಆದರೆ ಏನಾಗುತ್ತದೆ ಎನ್ನುವುದಕ್ಕೆ ಅಲಾಸ್ಕಾ ಪಕ್ಕದ ಬೇರಿಂಗ್ ಸಮುದ್ರದ ಹಿಮ ಏಡಿಯ ಕಥೆ ನೋಡಿ. ಇದು ಮೀನಲ್ಲ, ಆದರೆ ಇಷ್ಟು ಸ್ಪಷ್ಟವಾದ ಪ್ರಕರಣ ಇನ್ನೊಂದಿಲ್ಲ. 2018ರಲ್ಲಿ ಅಲ್ಲಿ ಏಡಿ ದಾಖಲೆ ಮಟ್ಟದಲ್ಲಿತ್ತು. 2018 ಮತ್ತು 2019ರಲ್ಲಿ ಸಮುದ್ರಕ್ಕೆ ಬಿಸಿ ಅಲೆ ಬಂತು, ಅಂದರೆ ನೀರು ಬಹುಕಾಲ ಮಾಮೂಲಿಗಿಂತ ತುಂಬ ಬಿಸಿಯಾಗಿಯೇ ಉಳಿಯಿತು. 2020ರಲ್ಲಿ ಕೋವಿಡ್‌ನಿಂದಾಗಿ ಸಮೀಕ್ಷೆಯೇ ನಡೆಯಲಿಲ್ಲ. 2021ರಲ್ಲಿ ಹೋಗಿ ನೋಡಿದರೆ ಸುಮಾರು 1,000 ಕೋಟಿ ಏಡಿ ಕಾಣೆ! ಬೇರೆಲ್ಲೋ ಹೋಗಿರಬೇಕು ಎಂದು ಮೊದಲು ಅನುಮಾನ ಬಂತು. 2023ರಲ್ಲಿ ಬಂದ ಅಧ್ಯಯನ ಹಸಿವನ್ನು ತೋರಿಸಿತು. ನೀರು ಏಡಿಯನ್ನು ನೇರವಾಗಿ ಕೊಲ್ಲುವಷ್ಟು ಬಿಸಿಯಾಗಿರಲಿಲ್ಲ. ಹಸಿವು ಹೆಚ್ಚಾಯಿತು, ತಣ್ಣೀರಿನ ಜಾಗ ಕಿರಿದಾಯಿತು, ಇದ್ದ ಜಾಗದಲ್ಲಿ ಏಡಿ ಕಿಕ್ಕಿರಿದಿತ್ತು, ಊಟ ಮುಗಿಯಿತು.

2022ರಲ್ಲಿ ಆ ಮೀನುಗಾರಿಕೆಯನ್ನು ಇತಿಹಾಸದಲ್ಲಿ ಮೊದಲ ಬಾರಿಗೆ ಮುಚ್ಚಿದರು. 2024ರಲ್ಲಿ ಸಣ್ಣ ಕೋಟಾದೊಂದಿಗೆ ತೆರೆದರು. ವಿಚಿತ್ರ ಏನೆಂದರೆ ಸರ್ಕಾರಿ ಪಟ್ಟಿಯಲ್ಲಿ ಈ ಏಡಿ ಅತಿಯಾಗಿ ಹಿಡಿದ ಜಾತಿಗಳ ಸಾಲಿಗೆ ಸೇರಿತು. ಸಂತತಿ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಕಾರಣ ಯಾವುದೇ ಇರಲಿ, ಅದೇ ಹಣೆಪಟ್ಟಿ. ಆದ್ದರಿಂದ ಪಟ್ಟಿಯ ಹೆಸರು ನೋಡಿ ಕಾರಣ ಊಹಿಸಬೇಡಿ.

ಇನ್ನು ಸಾವಿನ ಲೆಕ್ಕ. ಮೀನಿನ ಲೆಕ್ಕದ ಎಷ್ಟೋ ಮಾದರಿಗಳಲ್ಲಿ ಬಲೆ ಬಿಟ್ಟು ಉಳಿದ ಸಾವನ್ನು ಒಂದೇ ಸ್ಥಿರ ಸಂಖ್ಯೆಯಾಗಿ ಹಾಕಿರುತ್ತಾರೆ, ಸಾಮಾನ್ಯವಾಗಿ 0.2, ಅಂದರೆ ವರ್ಷಕ್ಕೆ ಹೆಚ್ಚು ಕಡಿಮೆ ಐದರಲ್ಲಿ ಒಂದು ಮೀನು. ಈ ಸಂಖ್ಯೆಯನ್ನು ಯಾರು ಯಾವಾಗ ಹಾಕಿದರು ಕೇಳಿ ನೋಡಿ. ಉತ್ತರ ಸಿಗದಿದ್ದರೆ ಆಶ್ಚರ್ಯಪಡಬೇಡಿ. ಅಲಾಸ್ಕಾ ಕೊಲ್ಲಿಯಲ್ಲಿ 2014ರಿಂದ 2016ರವರೆಗಿನ ಬಿಸಿ ಅಲೆಗೆ ಪೆಸಿಫಿಕ್ ಕಾಡ್ ರಾಶಿ ರಾಶಿ ಸತ್ತಾಗ ಆ ಸ್ಥಿರ ಸಂಖ್ಯೆಗೆ ಅರ್ಥವೇ ಉಳಿಯಲಿಲ್ಲ. 2018ಕ್ಕೆ ಕೋಟಾವನ್ನು ಸುಮಾರು ಶೇ. 80ರಷ್ಟು ಕತ್ತರಿಸಿದರು. 2020ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ವ್ಯಾಪ್ತಿಯ ನೀರಿನಲ್ಲಿ ಹಿಡಿಯುವುದನ್ನೇ ನಿಲ್ಲಿಸಿದರು.

ಆದರೆ ಎಲ್ಲ ಹೆಚ್ಚುವರಿ ಸಾವೂ ಹವಾಮಾನದ್ದಲ್ಲ. ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಯ ದಕ್ಷಿಣ ಭಾಗದಲ್ಲಿ ಕಾಡ್ ಚೇತರಿಸಿಕೊಳ್ಳದೆ ಇರುವುದಕ್ಕೆ ಬೂದು ಸೀಲ್‌ಗಳು ದೊಡ್ಡ ಕಾರಣ. ಸೀಲ್ ಬೇಟೆ ಕಡಿಮೆಯಾಗಿ ಅವು ಹೆಚ್ಚಾದವು, ಕಾಡ್ ಕಡಿಮೆಯಾಯಿತು. ಉಳಿದ ಕೆಲವೇ ಮೀನನ್ನು ಅವು ತಿಂದು ಮುಗಿಸುತ್ತಿವೆ. ನ್ಯೂಫೌಂಡ್‌ಲ್ಯಾಂಡಿನ ಕಾಡ್‌ಗೆ ಮುಖ್ಯ ಆಹಾರವಾದ ಕ್ಯಾಪೆಲಿನ್ ಮೀನೂ 1990ರ ದಶಕದ ಆರಂಭದಲ್ಲೇ ಕುಸಿದು, ಮತ್ತೆ ಹಳೆಯ ಮಟ್ಟಕ್ಕೆ ಬರಲಿಲ್ಲ. ಸಮಸ್ಯೆ ನಿಮ್ಮ ಮೀನಿನಲ್ಲೇ ಇರಬೇಕೆಂದಿಲ್ಲ. ಅದು ತಿನ್ನುವುದನ್ನೂ ಅದನ್ನು ತಿನ್ನುವುದನ್ನೂ ಒಮ್ಮೆ ಎಣಿಸಿ.

ಪರೀಕ್ಷೆ 5: ಮೀನು ಸತ್ತಿದೆಯೋ, ಜಾಗ ಬಿಟ್ಟಿದೆಯೋ?

ಸಮೀಕ್ಷೆ ಹಡಗು ವರ್ಷವರ್ಷವೂ ಅದೇ ಜಾಗದಲ್ಲಿ ಬಲೆ ಎಳೆಯುತ್ತದೆ. ಮೀನು ಮಾತ್ರ ತಣ್ಣೀರು ಹುಡುಕಿಕೊಂಡು ಧ್ರುವದ ಕಡೆಗೋ ಆಳಕ್ಕೋ ಹೋಗಿರಬಹುದು. ಮೀನು ಸಿಕ್ಕಿದ ಜಾಗಗಳ ಸರಾಸರಿ ಅಕ್ಷಾಂಶ ಮತ್ತು ಆಳವನ್ನು ದಶಕವಾರು ಹೋಲಿಸಿ. ಅಂಚಿನ ಜಾಗದಲ್ಲಿ ಜಾಸ್ತಿ, ನಡುವೆ ಕಡಿಮೆ ಸಿಗುತ್ತಿದ್ದರೆ ಪಕ್ಕದ ದೇಶದ ಸಮೀಕ್ಷೆಯನ್ನು ತರಿಸಿ ನೋಡಿ.

ಜಾಗ ಬಿಟ್ಟಿದೆ ಎಂದು ಖಚಿತವಾದರೆ ಖುಷಿಪಡಬೇಡಿ, ಬೇರೆಯದೇ ತಲೆನೋವು ಶುರು. ಈಶಾನ್ಯ ಅಟ್ಲಾಂಟಿಕ್‌ನ ಮ್ಯಾಕೆರೆಲ್ ಮೀನು 2007ರ ಸುಮಾರಿಗೆ ದೊಡ್ಡ ಸಂಖ್ಯೆಯಲ್ಲಿ ಐಸ್‌ಲ್ಯಾಂಡಿನ ನೀರಿಗೆ ಬಂತು. ಐಸ್‌ಲ್ಯಾಂಡ್ ತನ್ನ ಪಾಲು ಕೇಳಿತು. ಮೊದಲಿಂದ ಹಿಡಿಯುತ್ತಿದ್ದ ದೇಶಗಳು ಕೊಡಲು ಒಪ್ಪಲಿಲ್ಲ. ಪ್ರತಿ ದೇಶವೂ ತನಗೆ ಬೇಕಾದಷ್ಟು ಕೋಟಾ ಹಾಕಿಕೊಂಡಿತು. ಒಟ್ಟು ಸೇರಿಸಿದರೆ ವಿಜ್ಞಾನಿಗಳು ಹೇಳಿದ ಮಿತಿಗಿಂತ ಜಾಸ್ತಿ. ಚೆನ್ನಾಗಿದ್ದ ಸಂತತಿಗೂ ಹೀಗೆ ಅತಿಯಾದ ಮೀನುಗಾರಿಕೆ ಅಂಟಿಕೊಂಡಿತು. 2019ರಲ್ಲಿ ಅದರ ಸುಸ್ಥಿರ ಮೀನು ಎನ್ನುವ ಮುದ್ರೆಯೂ ಹೋಯಿತು.

ಪರೀಕ್ಷೆ 6: ಹವಾಮಾನವೋ, ಬರೀ ಒಂದು ಕೆಟ್ಟ ದಶಕವೋ?

ಸಮುದ್ರ ತನ್ನಷ್ಟಕ್ಕೇ ಏರಿಳಿಯುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾ ತೀರದ ಕೆಸರಿನ ಪದರಗಳಲ್ಲಿ ಸಿಕ್ಕಿದ ಮೀನಿನ ಹುರುಪೆಗಳನ್ನು ಎಣಿಸಿದಾಗ, ದೊಡ್ಡ ಬಲೆಗಳು ಬರುವ ನೂರಾರು ವರ್ಷ ಮೊದಲೂ ಸಾರ್ಡೀನ್ ಹೆಚ್ಚುತ್ತಾ ಕುಸಿಯುತ್ತಾ ಬಂದಿರುವುದು ಕಂಡಿತು. ಪೆರುವಿನ ಆಂಚೊವೆಟಾ ಎನ್ನುವ ಸಣ್ಣ ಮೀನು 1970ರಲ್ಲಿ 1.2 ಕೋಟಿ ಟನ್ನಿಗೂ ಹೆಚ್ಚು ಸಿಕ್ಕಿತ್ತು. 1972ರ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಕೆಲವು ವರ್ಷಕ್ಕೊಮ್ಮೆ ಬಿಸಿಯಾಗುವುದು) ಬಂದಾಗ ಆಗಲೇ ಬಲೆಯಿಂದ ಬಸವಳಿದಿದ್ದ ಸಂತತಿ ಮುರಿದು ಬಿತ್ತು. ಮತ್ತೆ ಆ ಮಟ್ಟದ ಹತ್ತಿರ ಬಂದದ್ದು 1990ರ ದಶಕದಲ್ಲಿ.

ಬೇರ್ಪಡಿಸಲು ನನಗೆ ತುಂಬ ಹಿಡಿಸುವ ಉಪಾಯ ಒಂದಿದೆ. ಅದೇ ಜಾತಿಯ ಮೀನನ್ನು ಅದರ ನೆಲೆಯ ಎರಡು ತುದಿಯಲ್ಲಿ ನೋಡುವುದು. ಬಿಸಿ ತುದಿಯಲ್ಲಿ ಇಳಿಯುತ್ತಾ ತಣ್ಣನೆಯ ತುದಿಯಲ್ಲಿ ಏರುತ್ತಿದ್ದರೆ ಹವಾಮಾನದ ಕೈ ಇದೆ. ಎರಡೂ ಕಡೆ ಇಳಿಯುತ್ತಿದ್ದರೆ ಬಲೆಯನ್ನು ಮತ್ತೆ ಅನುಮಾನಿಸಿ. ಕಾಡ್ ಮೀನಿನಲ್ಲಿ ಮೊದಲನೆಯದು ಚೆನ್ನಾಗಿ ಕಾಣುತ್ತದೆ. ಉತ್ತರ ಸಮುದ್ರ ಮತ್ತು ಗಲ್ಫ್ ಆಫ್ ಮೇನ್‌ನಲ್ಲಿ ಅದು ಏದುಸಿರು ಬಿಡುತ್ತಿದ್ದಾಗ, ಆರ್ಕ್ಟಿಕ್ ಪಕ್ಕದ ಬ್ಯಾರೆಂಟ್ಸ್ ಸಮುದ್ರದಲ್ಲಿ ಹೊಸ ಮೇವಿನ ಜಾಗ ತೆರೆದುಕೊಂಡು ಸಂತತಿ ಉಬ್ಬಿತು. 2013ರಲ್ಲಿ ಅಲ್ಲಿನ ಕೋಟಾ 10 ಲಕ್ಷ ಟನ್. ಆದರೆ ಅಲ್ಲೂ ಬಿಸಿ ನೀರೊಂದೇ ಕಾರಣವಲ್ಲ. ನಾರ್ವೆ ಮತ್ತು ರಷ್ಯಾ ಅದಕ್ಕೂ ಕೆಲವು ವರ್ಷ ಮೊದಲು ಹಿಡಿಯುವ ಪಾಲನ್ನು ಒಂದು ನಿಯಮಕ್ಕೆ ಕಟ್ಟಿ ಇಳಿಸಿದ್ದವು. ಒಳ್ಳೆಯ ಕಾಲ ಬಂದಾಗ ಅದನ್ನು ಬಳಸಿಕೊಳ್ಳಲು ಸಮುದ್ರದಲ್ಲಿ ತಾಯಿ ಮೀನು ಉಳಿದಿತ್ತು.

ಇಡೀ ಜಗತ್ತಿನ ಚಿತ್ರ ಬೇಕಿದ್ದರೆ 2019ರ ಒಂದು ಅಧ್ಯಯನ ಇದೆ. ಕ್ರಿಸ್ಟೋಫರ್ ಫ್ರೀ ಮತ್ತು ಜೊತೆಗಾರರು 235 ಸಂತತಿಗಳನ್ನು ನೋಡಿದರು. 1930ರಿಂದ 2010ರ ನಡುವೆ ಬಿಸಿಯಾಗುವಿಕೆಯಿಂದ ಸುಸ್ಥಿರವಾಗಿ ಹಿಡಿಯಬಹುದಾದ ಮೀನು ಸುಮಾರು ಶೇ. 4ರಷ್ಟು ಕಡಿಮೆಯಾಗಿದೆ ಎಂದು ಲೆಕ್ಕ ಹಾಕಿದರು. ಕೆಲವು ಪ್ರದೇಶಗಳಲ್ಲಿ ಇದು ಶೇ. 15ರಿಂದ 35. ಮಿತಿಮೀರಿ ಹಿಡಿಸಿಕೊಂಡ ಇತಿಹಾಸ ಇರುವ ಸಂತತಿಗಳು ಬಿಸಿಗೆ ಹೆಚ್ಚು ಸೋಲುತ್ತವೆ ಎನ್ನುವುದೂ ಅದರಲ್ಲಿದೆ.

ದೋಷ ಸಿಕ್ಕಿತು, ಈಗ ರಿಪೇರಿ

ಹವಾಮಾನವೇ ಮುಖ್ಯ ಕಾರಣ ಎಂದು ಗೊತ್ತಾದ ಕೂಡಲೇ ಸಭೆಯಲ್ಲಿ ಒಂದು ಮಾತು ಕೇಳಿಬರುತ್ತದೆ. ಬಲೆಯಿಂದ ಆದದ್ದಲ್ಲ, ಹಾಗಾದರೆ ಬಲೆ ಯಾಕೆ ನಿಲ್ಲಿಸಬೇಕು? ಕೇಳಲು ನ್ಯಾಯವಾಗಿಯೇ ಇದೆ ಅಲ್ವಾ? ಆದರೆ ಲೆಕ್ಕ ತಿರುಗಾ ಮುರುಗಾ. ಸಂತತಿ ವರ್ಷಕ್ಕೆ ಹುಟ್ಟಿಸುವುದು ಕಡಿಮೆಯಾಗಿದ್ದರೆ, ಮೊದಲು ತಡೆದುಕೊಳ್ಳುತ್ತಿದ್ದ ಪಾಲನ್ನು ಈಗ ತಡೆದುಕೊಳ್ಳುವುದಿಲ್ಲ. ನೀರಿನ ಬಿಸಿಯನ್ನು ಯಾವ ಮೀನುಗಾರಿಕೆ ಇಲಾಖೆಯೂ ಇಳಿಸಲಾರದು. ಅದರ ಕೈಯಲ್ಲಿರುವ ಒಂದೇ ಗುಂಡಿ ಬಲೆಯದು. ಹವಾಮಾನದ ಪಾತ್ರ ದೊಡ್ಡದಾದಷ್ಟೂ ಆ ಗುಂಡಿಯನ್ನು ಇನ್ನೂ ಕೆಳಗೆ ತಿರುಗಿಸಬೇಕು.

ಪಾಲನ್ನು ಉಷ್ಣತೆಗೆ ಕಟ್ಟಬಹುದು. ಅಮೆರಿಕದ ಪಶ್ಚಿಮ ತೀರದಲ್ಲಿ ಪೆಸಿಫಿಕ್ ಸಾರ್ಡೀನ್ ಕೋಟಾದ ಸೂತ್ರದಲ್ಲಿ ಸಮುದ್ರದ ಉಷ್ಣತೆ ಸೇರಿದೆ. ಸಂತತಿ 1.5 ಲಕ್ಷ ಟನ್ನಿಗಿಂತ ಕೆಳಗಿಳಿದರೆ ಮುಖ್ಯ ಮೀನುಗಾರಿಕೆ ತಾನಾಗಿಯೇ ನಿಲ್ಲುತ್ತದೆ. 2015ರಿಂದ ಅದು ನಿಂತೇ ಇದೆ. ಸೂತ್ರ ಇದ್ದ ಮಾತ್ರಕ್ಕೆ ಮೀನು ಮರಳುವುದಿಲ್ಲ ಎನ್ನುವುದಕ್ಕೂ ಇದೇ ಉದಾಹರಣೆ. ಆದರೆ ಕೆಟ್ಟ ವರ್ಷದಲ್ಲಿ ವಾದಕ್ಕೆ ಕುಳಿತು ಸಮಯ ಕಳೆಯುವುದು ತಪ್ಪುತ್ತದೆ.

ನನ್ನ ಪ್ರಕಾರ ಇದಕ್ಕಿಂತ ಹೆಚ್ಚು ಫಲ ಕೊಡುವುದು ಹಳೆಯ ತಾಯಂದಿರನ್ನು ಉಳಿಸುವುದು. ಕನಿಷ್ಠ ಗಾತ್ರದ ನಿಯಮ ಎಷ್ಟೋ ಕಡೆ ಇದೆ, ಗರಿಷ್ಠ ಗಾತ್ರದ ನಿಯಮ ಕಡಿಮೆ. ಮೇನ್ ರಾಜ್ಯದ ಲಾಬ್‌ಸ್ಟರ್ ಹಿಡಿಯುವವರು ಮೊಟ್ಟೆ ಹೊತ್ತ ಹೆಣ್ಣು ಸಿಕ್ಕಿದರೆ ಅದರ ಬಾಲಕ್ಕೆ ಒಂದು ಕಚ್ಚು ಹಾಕಿ ನೀರಿಗೆ ಬಿಡುತ್ತಾರೆ. ಮುಂದೆ ಆ ಕಚ್ಚು ಕಂಡವರೂ ಅದನ್ನು ಮುಟ್ಟುವಂತಿಲ್ಲ. ತೀರಾ ದೊಡ್ಡದನ್ನೂ ಬಿಡಬೇಕು. ಅದೇ ಬಿಸಿಯಾಗುವ ಕಡಲಿನಲ್ಲಿ ಮೇನ್‌ನ ಲಾಬ್‌ಸ್ಟರ್ ಹೆಚ್ಚಿತು. ಇಂಥ ಕಾವಲು ಇಷ್ಟು ಗಟ್ಟಿಯಾಗಿ ಇಲ್ಲದ ದಕ್ಷಿಣ ನ್ಯೂ ಇಂಗ್ಲೆಂಡಿನಲ್ಲಿ, ನೀರು ಮೊದಲೇ ಬೆಚ್ಚಗಿದ್ದದ್ದೂ ಸೇರಿ, ಕುಸಿಯಿತು. 20 ಡಿಗ್ರಿ ಸೆಲ್ಸಿಯಸ್ ದಾಟಿದ ನೀರು ಲಾಬ್‌ಸ್ಟರ್‌ಗೆ ಒಗ್ಗುವುದಿಲ್ಲ.

ಗುರಿ ಬದಲಿಸಬೇಕೇ ಎನ್ನುವ ಪ್ರಶ್ನೆ ಕೊನೆಗೆ ಬಂದೇ ಬರುತ್ತದೆ. ಸಮುದ್ರ ಹಳೆಯ ಮಟ್ಟದ ಮೀನನ್ನು ಸಾಕಲಾರದು ಎಂದಾದರೆ ಹಳೆಯ ಗುರಿ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ. ಆದರೆ ಹುಷಾರು. ಗುರಿ ಇಳಿಸಿದರೆ ಕಾಗದದ ಮೇಲೆ ಸಂತತಿ ರಾತ್ರೋರಾತ್ರಿ ಚೇತರಿಸಿಕೊಳ್ಳುತ್ತದೆ, ಸಮುದ್ರಕ್ಕೆ ಒಂದು ಮರಿಯೂ ಸೇರದೆ. ಹಾಗಾಗಿ ಎರಡು ಷರತ್ತು ಇಡಿ. ಮೂರರಿಂದ ಆರರವರೆಗಿನ ಪರೀಕ್ಷೆಗಳಲ್ಲಿ ಕನಿಷ್ಠ ಎರಡು ಒಂದೇ ದಿಕ್ಕಿಗೆ ಬೆರಳು ತೋರಿಸಬೇಕು. ಗುರಿ ಇಳಿದಾಗ ಹಿಡಿಯುವ ಪಾಲು ಏರಬಾರದು.

ಪರೀಕ್ಷೆಗಳು ಎರಡೂ ಕಡೆ ಎಳೆದು ಏನೂ ತೀರ್ಮಾನವಾಗದಿದ್ದರೆ ಯಾವ ತಪ್ಪು ಅಗ್ಗ ಎಂದು ನೋಡಿ. ಬೇಡದಿದ್ದರೂ ಬಲೆ ಕಡಿಮೆ ಮಾಡಿದರೆ ಕೆಲವು ವರ್ಷದ ಆದಾಯ ಹೋಗುತ್ತದೆ. ಅದು ಸಣ್ಣ ನೋವಲ್ಲ, ಆ ಮನೆಗಳಿಗೆ ಪರಿಹಾರ ಕೊಡಬೇಕು. ಬೇಕಿದ್ದಾಗ ಕಡಿಮೆ ಮಾಡದಿದ್ದರೆ ತಲೆಮಾರಿನ ಆದಾಯವೇ ಹೋಗುತ್ತದೆ.

ಮತ್ತೆ ಯಾವಾಗ ಪರೀಕ್ಷಿಸಬೇಕು

ಪ್ರತಿ ದೊಡ್ಡ ಬಿಸಿ ಅಲೆಯ ನಂತರ, ಮತ್ತು ಸಮೀಕ್ಷೆ ಒಂದು ವರ್ಷ ತಪ್ಪಿದರೆ ಅದರ ಮರುವರ್ಷ ಕಡ್ಡಾಯವಾಗಿ. ಚೇತರಿಸಿಕೊಂಡಿದೆ ಎಂದು ಘೋಷಿಸಿದ ಸಂತತಿಗೂ ಇದು ಅನ್ವಯಿಸುತ್ತದೆ. 2013ರಲ್ಲಿ 10 ಲಕ್ಷ ಟನ್ ಇದ್ದ ಬ್ಯಾರೆಂಟ್ಸ್ ಸಮುದ್ರದ ಕಾಡ್ ಕೋಟಾ 2025ಕ್ಕೆ 3.4 ಲಕ್ಷ ಟನ್ನಿಗೆ ಬಂತು, ಆಗ ಅದು 1991ರ ನಂತರದ ಅತಿ ಕಡಿಮೆ. ಅಲ್ಲಿ ಈಗ ಒಂದನೆಯ ಪರೀಕ್ಷೆಯಿಂದ ಮತ್ತೆ ಶುರು ಮಾಡಬೇಕು.